ಹೇಳಿದ್ದನ್ನು ಕಿವಿಯೂ ಕೇಳಲಿ

ತಂಗೀ,

ಯಾವ ಮಂತ್ರ ಹಿಡಿಯಲಿ ದೊಡ್ಡಮ್ಮಾ ಎಂದು ಕೇಳಿದ್ದೀಯ. ಅದರ ಬೆನ್ನಿಗೇ ಇನ್ನೂ ನಾಲ್ಕು ಪ್ರಶ್ನೆ ಇಟ್ಟಿದ್ದೀಯ: ದಿನಕ್ಕೆ ಎಷ್ಟು ಸಲ ಹೇಳಬೇಕು, ಉಪದೇಶವಿಲ್ಲದೆ ಹೇಳಬಹುದೇ, ಹೆಂಗಸರಿಗೆ ಓಂಕಾರ ಸಲ್ಲುತ್ತದೆಯೇ, ಮೊಬೈಲಿನಲ್ಲಿ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದರೆ ಸಾಕೇ. ನನಗೆ ತಿಳಿದಷ್ಟು ಹೇಳುತ್ತೇನೆ. ಅದಕ್ಕೂ ಮೊದಲು ನೀನು ಕೇಳದ ಒಂದು ಮಾತು ಇದೆ. ಜಪಕ್ಕೆ ಕೂತವರಲ್ಲಿ ಬಹಳಷ್ಟು ಜನ ಬಾಯಿಯನ್ನು ಮಾತ್ರ ಕೂರಿಸುತ್ತಾರೆ. ಬಾಯಿ ಹೇಳುತ್ತಿರುತ್ತದೆ, ಬೆರಳು ಮಣಿ ಸರಿಸುತ್ತಿರುತ್ತದೆ, ಮನಸ್ಸು ಪೇಟೆಗೆ ಹೋಗಿ ಬಂದು ಮಾಡುತ್ತಿರುತ್ತದೆ. ಹೇಳಿದ್ದನ್ನು ಕೇಳಿಸಿಕೊಳ್ಳುವವರು ಒಳಗೆ ಯಾರೂ ಇರುವುದಿಲ್ಲ. ನೀನು ಹೇಳಿದ ಅಕ್ಷರ ನಿನ್ನ ಕಿವಿಗೇ ಬಿದ್ದರೆ ಧ್ಯಾನ ಅಲ್ಲಿಂದ ಶುರುವಾಗುತ್ತದೆ. ಬೀಳದಿದ್ದರೆ ಲಕ್ಷ ಸಲ ಹೇಳಿದರೂ ಅದು ನಾಲಿಗೆಯ ರೂಢಿಯಾಗಿಯೇ ಉಳಿಯುತ್ತದೆ.

ಇದು ನಾನು ಕಟ್ಟಿ ಹೇಳುತ್ತಿರುವ ಮಾತಲ್ಲ. 1907ರ ನವೆಂಬರ್ 18ರಂದು ತಿರುವಣ್ಣಾಮಲೈಯ ಅರುಣಾಚಲ ಬೆಟ್ಟದಲ್ಲಿ ನಡೆದದ್ದನ್ನು ನೀನು ತಿಳಿದಿರಬೇಕು. ಆ ದಿನ ನಡುಹಗಲ ಬಿಸಿಲಿನಲ್ಲಿ ಗಣಪತಿ ಮುನಿಗಳು ವಿರೂಪಾಕ್ಷ ಗುಹೆಗೆ ಹತ್ತಿ ಹೋದರು. ಅವರು ಸಾಮಾನ್ಯರಲ್ಲ. ಆಶುಕವಿತ್ವಕ್ಕಾಗಿ ನವದ್ವೀಪದ ಪಂಡಿತ ಸಭೆಯಿಂದ ಕಾವ್ಯಕಂಠ ಎಂಬ ಬಿರುದು ಪಡೆದವರು. ಮುಂದೆ ನಮ್ಮ ಗೋಕರ್ಣದಲ್ಲಿ, ಶಿರಸಿ ಸೀಮೆಯಲ್ಲಿ ಇದ್ದು ಹೋದವರು. ಗೋಕರ್ಣದ ದೈವರಾತರು ಅವರ ಶಿಷ್ಯರು. ಎಳವೆಯಿಂದ ಒಂದೇ ಸಮನೆ ಮಂತ್ರಜಪ ಮಾಡಿಕೊಂಡು ಬಂದಿದ್ದ ಆ ವಿದ್ವಾಂಸರು, ತಮಗಿಂತ ಕಿರಿಯನಾಗಿದ್ದ, ಆಗಿನ್ನೂ ಬ್ರಾಹ್ಮಣಸ್ವಾಮಿ ಎಂದಷ್ಟೇ ಜನ ಕರೆಯುತ್ತಿದ್ದ ತರುಣನ ಕಾಲಿಗೆ ಬಿದ್ದರು. ಓದುವುದನ್ನೆಲ್ಲ ಓದಿದೆ, ಮನದಣಿಯೆ ಜಪವನ್ನೂ ಮಾಡಿದೆ, ಆದರೂ ತಪಸ್ಸು ಯಾವುದೆಂದು ಗೊತ್ತಾಗಲಿಲ್ಲ ಎಂದು ಅಂಗಲಾಚಿದರು. ಆ ತರುಣ ಬಹಳ ಹೊತ್ತು ಸುಮ್ಮನೆ ನೋಡುತ್ತ ಕೂತು, ಆಮೇಲೆ ತಮಿಳಿನಲ್ಲಿ ಎರಡೇ ಮಾತು ಹೇಳಿದ. ನಾನು ಎನ್ನುವುದು ಎಲ್ಲಿಂದ ಹುಟ್ಟುತ್ತದೆ ಎಂದು ಗಮನಿಸಿದರೆ ಮನಸ್ಸು ಅಲ್ಲೇ ಅಡಗುತ್ತದೆ, ಅದು ತಪಸ್ಸು. ಮಂತ್ರ ಹೇಳುವಾಗ ಆ ಮಂತ್ರದ ದನಿ ಎಲ್ಲಿಂದ ಏಳುತ್ತದೆ ಎಂದು ಗಮನಿಸಿದರೆ ಮನಸ್ಸು ಅಲ್ಲಿಯೂ ಅಡಗುತ್ತದೆ, ಅದೂ ತಪಸ್ಸು. ಆ ತರುಣನಿಗೆ ಭಗವಾನ್ ರಮಣ ಮಹರ್ಷಿ ಎಂದು ಹೆಸರಿಟ್ಟವರು ಇದೇ ಗಣಪತಿ ಮುನಿಗಳು.

ಇಲ್ಲಿ ಒಂದನ್ನು ನೋಡು. ಮಂತ್ರ ಬದಲಾಯಿಸು ಎಂದು ರಮಣರು ಹೇಳಲಿಲ್ಲ. ಸಂಖ್ಯೆ ಸಾಲದು ಎಂದೂ ಹೇಳಲಿಲ್ಲ. ಮಾಡುತ್ತಿದ್ದ ಜಪವನ್ನೇ ಮಾಡು, ಆದರೆ ದನಿಯ ಮೂಲದ ಕಡೆಗೆ ತಿರುಗು ಎಂದರು. ಅಷ್ಟು ದೊಡ್ಡ ಸಾಧಕರಿಗೇ ಅದನ್ನು ಇನ್ನೊಬ್ಬರು ಹೇಳಿಕೊಡಬೇಕಾಯಿತು ಎಂದ ಮೇಲೆ, ನಿನಗೆ ಮೊದಲ ವಾರ ಅದು ಹಿಡಿಯದಿದ್ದರೆ ಕಂಗೆಡಬೇಡ.

ಈಗ ನಿನ್ನ ಮೊದಲ ಪ್ರಶ್ನೆ. ಯಾವ ಮಂತ್ರ? ನಿನ್ನ ಮನೆಯಲ್ಲಿ, ನಿನ್ನ ಬಾಲ್ಯದಲ್ಲಿ ಯಾವ ಹೆಸರು ಕಿವಿಗೆ ಬಿದ್ದಿದೆಯೋ ಅಲ್ಲಿಂದ ಹುಡುಕು. ಶಿವಭಕ್ತರ ಮನೆಯಾದರೆ ಓಂ ನಮಃ ಶಿವಾಯ ಇದೆ. ಶ್ರೀವೈಷ್ಣವರಲ್ಲಿ ಓಂ ನಮೋ ನಾರಾಯಣಾಯ ಎಂಬ ಅಷ್ಟಾಕ್ಷರಿ ಇದೆ. ನಮ್ಮ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಶ್ರೀರಾಮ ಜಯರಾಮ ಜಯಜಯರಾಮ ಎಂಬ ತ್ರಯೋದಶಾಕ್ಷರಿ ನಡೆದುಕೊಂಡು ಬಂದಿದೆ. ಸಮರ್ಥ ರಾಮದಾಸರ ಪರಂಪರೆಯ ಮಂತ್ರ ಅದು. ಅದೇ ಪರಂಪರೆಯ ಶ್ರೀಧರ ಸ್ವಾಮಿಗಳು ಸಾಗರದ ಹತ್ತಿರದ ವರದಪುರದಲ್ಲಿ ನೆಲೆಸಿದ್ದವರು, 1973ರಲ್ಲಿ ಅಲ್ಲೇ ಸಮಾಧಿಸ್ಥರಾದರು. ನನ್ನ ಅಮ್ಮ ಅಕ್ಕಿ ಆರಿಸುವಾಗ ಹೇಳುತ್ತಿದ್ದದ್ದು ಅದೇ ಹದಿಮೂರು ಅಕ್ಷರ.

ಆ ಹದಿಮೂರು ಅಕ್ಷರಕ್ಕೆ ಏನು ಶಕ್ತಿ ಎಂದು ತಿಳಿಯಬೇಕಿದ್ದರೆ ಮಂಗಳೂರಿನ ಕಥೆ ಕೇಳು. ಕಾಞಂಗಾಡಿನ ಕಡೆಯ ವಿಠಲ ರಾವ್ ಎಂಬ ಗೃಹಸ್ಥರು ಮಂಗಳೂರಿನಲ್ಲಿ ಬಟ್ಟೆಯ ಉದ್ಯಮ ಮಾಡಿ ಕೈಸುಟ್ಟುಕೊಂಡಿದ್ದರು. ಸಂಸಾರದಲ್ಲೂ ನೆಮ್ಮದಿ ಇರಲಿಲ್ಲ. ಆ ಬೇಗೆಯಲ್ಲಿ ರಾಮನಾಮಕ್ಕೆ ಆತುಕೊಂಡರು. ಮಗನ ಪರದಾಟ ಕಂಡ ತಂದೆಯೇ ಈ ಮಂತ್ರವನ್ನು ಉಪದೇಶಿಸಿದರು. ಮಗ ಅದರ ಮುಂದೆ ಓಂ ಸೇರಿಸಿಕೊಂಡು ಹಿಡಿದ ಹಿಡಿತ ಬಿಡಲಿಲ್ಲ. 1922ರ ಡಿಸೆಂಬರಿನಲ್ಲಿ ಮನೆ ಬಿಟ್ಟು ಹೊರಟು, ದೇಶವಿಡೀ ತಿರುಗಿ, ಮರಳಿ ಬಂದು ಕದ್ರಿಯ ಗುಹೆಯಲ್ಲಿ ಕೂತರು. ಅವರೇ ಸ್ವಾಮಿ ರಾಮದಾಸರು, ಜನ ಪ್ರೀತಿಯಿಂದ ಪಪ್ಪಾ ಎನ್ನುತ್ತಿದ್ದರು. 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮ ಕಟ್ಟಿದರು. ಅವರ ಕೈಯಲ್ಲಿ ಇದ್ದದ್ದು ಒಂದೇ ಮಂತ್ರ, ಅದೂ ಅಪ್ಪ ಹೇಳಿಕೊಟ್ಟದ್ದು. ಮನೆ ಬಿಡು ಎಂದು ನಿನಗೆ ಹೇಳುತ್ತಿಲ್ಲ. ಒಂದನ್ನೇ ಹಿಡಿಯುವುದು ಎಂದರೆ ಹೇಗಿರುತ್ತದೆ ಎಂದು ಕಾಣಲಿ ಎಂದು ಹೇಳಿದೆ.

ಹಿಡಿದ ಮೇಲೆ ಬದಲಾಯಿಸಬೇಡ. ನೀವು ಎಳೆಯರು ಮಾಡುವ ದೊಡ್ಡ ಅನ್ಯಾಯ ಇದೇ, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಈ ತಿಂಗಳು ಗಾಯತ್ರಿ, ಮುಂದಿನ ತಿಂಗಳು ಮೃತ್ಯುಂಜಯ, ಆಮೇಲೆ ಯಾರೋ ಹೇಳಿದರು ಎಂದು ಒಂದು ಬೀಜಾಕ್ಷರ. ನಮ್ಮ ತೋಟದ ಕಾಳುಮೆಣಸಿನ ಬಳ್ಳಿ ನೋಡಿದ್ದೀಯಲ್ಲ, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಅಡಕೆ ಮರವನ್ನು ಅಪ್ಪಿಕೊಳ್ಳುತ್ತದೆ. ಅದನ್ನು ಕಿತ್ತು ಪಕ್ಕದ ಮರಕ್ಕೆ ಕಟ್ಟಿದರೆ ಆ ಹಳೆಯ ಬೇರು ಮತ್ತೆ ಅಂಟುವುದಿಲ್ಲ. ಮನಸ್ಸೂ ಒಂದು ದನಿಗೆ ಹಾಗೆ ನಿಧಾನಕ್ಕೆ ಅಂಟಿಕೊಳ್ಳುವಂಥದ್ದು. ಬಹಳ ಕಾಲ, ಎಡೆಬಿಡದೆ, ಆದರದಿಂದ ಮಾಡಿದ ಅಭ್ಯಾಸವೇ ಗಟ್ಟಿಯಾಗುತ್ತದೆ ಎಂದು ಪತಂಜಲಿ ಯೋಗಸೂತ್ರದ ಮೊದಲ ಪಾದದಲ್ಲೇ ಹೇಳಿಟ್ಟಿದ್ದಾನೆ. ಈ ಮೂರರಲ್ಲಿ ಒಂದು ತಪ್ಪಿದರೂ ಕಟ್ಟಡ ನಿಲ್ಲುವುದಿಲ್ಲ.

ಉಪದೇಶದ ವಿಷಯಕ್ಕೆ ಬರುತ್ತೇನೆ. ಕೆಲವು ಮಂತ್ರಗಳಿಗೆ ಉಪದೇಶ ಬೇಕೇ ಬೇಕು. ಗಾಯತ್ರಿ ಉಪನಯನದಲ್ಲಿ ಕಿವಿಯಲ್ಲಿ ಹೇಳಿಕೊಡುವಂಥದ್ದು. ಲಿಂಗಾಯತರಲ್ಲಿ ಇಷ್ಟಲಿಂಗದೊಡನೆ ಗುರುವಿನಿಂದ ಮಂತ್ರ ಬರುತ್ತದೆ, ಅಷ್ಟಾವರಣಗಳಲ್ಲಿ ಮಂತ್ರವೂ ಒಂದು. ಅವರ ಪೂಜೆಯನ್ನು ಒಮ್ಮೆ ಹತ್ತಿರದಿಂದ ನೋಡು: ಲಿಂಗ ಎಡ ಅಂಗೈಯಲ್ಲಿ, ನೋಟ ಲಿಂಗದ ಮೇಲೆ, ನಾಲಿಗೆಯಲ್ಲಿ ಷಡಕ್ಷರಿ. ಮನಸ್ಸು ಹೊರಗೆ ಹರಿಯುವ ದಾರಿಗಳನ್ನೇ ಒಂದು ಕಡೆ ಕೂಡಿಸುವ ಆ ಏರ್ಪಾಡು ನನಗೆ ಬಹಳ ಹಿಡಿಸುತ್ತದೆ. ತಾಂತ್ರಿಕ ಬೀಜಾಕ್ಷರಗಳನ್ನು ಗುರುವಿಲ್ಲದೆ ಮುಟ್ಟಲೇಬೇಡ. ಆದರೆ ದೇವರ ಹೆಸರಿಗೆ ಯಾರ ಅಪ್ಪಣೆಯೂ ಬೇಡ. ಕಲಿಸಂತರಣ ಉಪನಿಷತ್ತಿನಲ್ಲಿ ನಾರದ ಹರೇರಾಮ ಹರೇಕೃಷ್ಣ ನಾಮಕ್ಕೆ ವಿಧಿ ಏನು ಎಂದು ಕೇಳಿದರೆ, ಬ್ರಹ್ಮ ವಿಧಿಯೇ ಇಲ್ಲ ಎನ್ನುತ್ತಾನೆ. ಶುಚಿಯಾಗಿದ್ದರೂ ಸರಿ, ಇಲ್ಲದಿದ್ದರೂ ಸರಿ, ಯಾವಾಗಲೂ ಹೇಳಬಹುದು. ತಿಂಗಳ ಆ ದಿನಗಳಲ್ಲಿ ನಾಮ ಬಿಡಬೇಕೇ ಎಂದು ನೀನು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಮನಸ್ಸಿನಲ್ಲಿ ಇದ್ದಿರಬಹುದು. ಬಿಡಬೇಡ.

ಮುಚ್ಚಿಡಬೇಕಾದ್ದನ್ನು ಬಿಚ್ಚಿ ಹೇಳಿದವರ ಕಥೆಯೂ ನಮ್ಮಲ್ಲಿದೆ. ತಿರುಕ್ಕೋಷ್ಟಿಯೂರಿನ ಗುರುಗಳು ರಾಮಾನುಜಾಚಾರ್ಯರನ್ನು ಹದಿನೆಂಟು ಸಲ ಅಲೆದಾಡಿಸಿ, ಯಾರಿಗೂ ಹೇಳಕೂಡದು ಎಂದು ಕಟ್ಟುಮಾಡಿ ಅಷ್ಟಾಕ್ಷರಿಯ ರಹಸ್ಯವನ್ನು ಕೊಟ್ಟರಂತೆ. ರಾಮಾನುಜರು ದೇವಸ್ಥಾನದ ಎತ್ತರಕ್ಕೆ ಹತ್ತಿ ನೆರೆದವರಿಗೆಲ್ಲ ಅದನ್ನು ಸಾರಿದರಂತೆ. ತನಗೆ ನರಕವಾದರೂ ಇಷ್ಟು ಜನಕ್ಕೆ ಒಳ್ಳೆಯದಾಗುತ್ತದಲ್ಲ ಎಂಬುದು ಅವರ ನಿಲುವು. ಪರಂಪರೆ ಹೇಳುವ ಕಥೆ ಇದು. ಆ ಮಹಾತ್ಮರೇ ಮುಂದೆ ನಮ್ಮ ಮೇಲುಕೋಟೆಗೆ ಬಂದು ವರ್ಷಗಟ್ಟಲೆ ಇದ್ದರು.

ಹೆಂಗಸರು ಮತ್ತು ಓಂಕಾರ. ಹೇಳಬಾರದು ಎನ್ನುವ ಮನೆಗಳಿವೆ, ಹಿರಿಯರಿದ್ದಾರೆ. ನನ್ನ ತೀರ್ಮಾನ ಬೇರೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ವಾಕ್ಕಿನ ಮಹಿಮೆಯನ್ನು ಹಾಡಿದ ಸೂಕ್ತದ ಋಷಿ ವಾಗಾಂಭೃಣಿ, ಒಬ್ಬ ಹೆಣ್ಣು. ಘೋಷಾ, ಅಪಾಲಾ, ಲೋಪಾಮುದ್ರಾ ಇವರ ಹೆಸರಿನಲ್ಲೂ ಮಂತ್ರಗಳಿವೆ. ಮಂತ್ರವನ್ನು ಕಂಡವರ ಮಗಳಂದಿರಿಗೆ ಅದನ್ನು ಹೇಳುವ ಹಕ್ಕಿಲ್ಲ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ನೀನು ಹೇಳು. ಆದರೆ ನಿನ್ನ ಅಜ್ಜಿಗೆ ಅದು ಕಸಿವಿಸಿಯಾಗುವುದಾದರೆ ಅವರ ಎದುರು ವಾದಕ್ಕೆ ಇಳಿಯಬೇಡ. ಮನಸ್ಸಿನಲ್ಲಿ ಹೇಳಿಕೋ, ಇಲ್ಲವೇ ಅವರ ಜೊತೆ ಕೂತು ರಾಮನಾಮ ಹೇಳು. ಜಗಳವಾಡಿ ಎದ್ದ ಮೇಲೆ ಜಪಕ್ಕೆ ಕೂತರೆ ಒಳಗೆ ಕೇಳಿಸುವುದು ಜಗಳವೇ.

ಓಂಕಾರ ಹೇಳುವ ಬಗೆ ಹೇಳುತ್ತೇನೆ, ಇದನ್ನು ನಿಧಾನವಾಗಿ ಓದು. ಬೆನ್ನು ನೆಟ್ಟಗಿರಲಿ. ಚಾಪೆಯಾದರೂ ಆದೀತು, ಮೊಣಕಾಲು ನೋಯುವುದಾದರೆ ಕುರ್ಚಿಯೂ ಆದೀತು. ಉಸಿರು ತಾನಾಗಿ ತುಂಬಿಕೊಳ್ಳಲಿ. ಬಾಯಿ ತೆರೆದು ಓ ಎಂದು ತೆಗೆದು, ಮೆಲ್ಲಗೆ ತುಟಿ ಕೂಡಿಸಿ ಮಕಾರಕ್ಕೆ ಇಳಿ. ತುಟಿ ಮುಚ್ಚಿದ ಮೇಲಿನ ಆ ಝೇಂಕಾರವನ್ನು ಅವಸರದಲ್ಲಿ ಮುಗಿಸಬೇಡ. ಅದು ಮೂಗಿನ ಬುಡದಲ್ಲಿ, ಹಣೆಯಲ್ಲಿ, ಕಿವಿಯ ಸುತ್ತ ಕಂಪಿಸುವುದು ಗೊತ್ತಾಗಬೇಕು. ಉಸಿರು ಕೊನೆಯ ತೊಟ್ಟಿನವರೆಗೆ ಹಿಂಡಬೇಡ. ಇನ್ನೂ ಸ್ವಲ್ಪ ಇದೆ ಎನ್ನುವಾಗಲೇ ಬಿಟ್ಟುಬಿಡು. ಯಾರದು ಉದ್ದ ಎಂಬ ಪಂದ್ಯ ಯೋಗದ ತರಗತಿಗಳಲ್ಲಿ ನಡೆಯುವುದನ್ನು ಕಂಡಿದ್ದೇನೆ. ಆ ಹಟ ಇದ್ದ ಕಡೆ ಧ್ಯಾನಕ್ಕೆ ಜಾಗ ಇರುವುದಿಲ್ಲ.

ಆಮೇಲೆ, ದನಿ ನಿಂತ ಮೇಲೆ, ಕೂಡಲೇ ಇನ್ನೊಂದು ಓಂ ಎತ್ತಿಕೊಳ್ಳಬೇಡ. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರು. ಹನ್ನೆರಡೇ ಮಂತ್ರಗಳ ಮಾಂಡೂಕ್ಯ ಉಪನಿಷತ್ತು ಓಂಕಾರದ ಬಗ್ಗೆಯೇ ಇರುವುದು. ಅಕಾರವನ್ನು ಎಚ್ಚರಕ್ಕೆ, ಉಕಾರವನ್ನು ಕನಸಿಗೆ, ಮಕಾರವನ್ನು ಗಾಢನಿದ್ರೆಗೆ ಜೋಡಿಸಿ, ನಾಲ್ಕನೆಯದಕ್ಕೆ ಮಾತ್ರೆಯೇ ಇಲ್ಲ ಎನ್ನುತ್ತದೆ. ದನಿಯಿಲ್ಲದ ಆ ನಾಲ್ಕನೆಯದನ್ನೂ ಓಂಕಾರದೊಳಗೇ ಎಣಿಸುತ್ತದೆ. ಆದ್ದರಿಂದ ನಡುವಿನ ಆ ಸುಮ್ಮನಿರುವಿಕೆಯನ್ನು ಬಿಡುವು ಎಂದುಕೊಳ್ಳಬೇಡ, ಅದೂ ಜಪವೇ. ನನಗೆ ಕೇಳಿದರೆ, ಕಿವಿ ಕೆಲಸ ಕಲಿಯುವುದು ಅಲ್ಲಿಯೇ.

ಗಟ್ಟಿಯಾಗಿ ಹೇಳುವುದು ವಾಚಿಕ, ತುಟಿ ಅಲುಗಿ ಪಕ್ಕದವರಿಗೆ ಕೇಳದಂತೆ ಹೇಳುವುದು ಉಪಾಂಶು, ನಾಲಿಗೆಯೂ ಅಲುಗದೆ ಹೇಳಿಕೊಳ್ಳುವುದು ಮಾನಸ. ಮನುಸ್ಮೃತಿಯ ಎರಡನೆಯ ಅಧ್ಯಾಯ ವಿಧಿಪೂರ್ವಕ ಯಜ್ಞಕ್ಕಿಂತ ಜಪ ಹತ್ತು ಪಟ್ಟು, ಉಪಾಂಶು ನೂರು ಪಟ್ಟು, ಮಾನಸ ಸಾವಿರ ಪಟ್ಟು ಎಂದು ಹೇಳುತ್ತದೆ. ಇದನ್ನು ಓದಿದವರು ಮೊದಲ ದಿನವೇ ಸಾವಿರ ಪಟ್ಟಿಗೆ ಕೈಚಾಚುತ್ತಾರೆ, ಐದು ನಿಮಿಷದಲ್ಲಿ ತೂಕಡಿಸುತ್ತಾರೆ. ನೀನು ಗಟ್ಟಿಯಾಗಿಯೇ ಶುರುಮಾಡು. ದನಿ ಕಿವಿಯಲ್ಲಿ ನಿಂತ ಮೇಲೆ ತಗ್ಗಿಸು. ತಗ್ಗಿಸಿದಾಗಲೂ ಅಷ್ಟೇ ಸ್ಪಷ್ಟವಾಗಿ ಕೇಳುತ್ತಿದ್ದರೆ ತುಟಿ ಮುಚ್ಚು. ಮನಸ್ಸು ಎಲ್ಲಿಗೋ ಹೋಯಿತು ಎಂದು ತಿಳಿದರೆ ಬೈದುಕೊಳ್ಳಬೇಡ, ಮತ್ತೆ ಎರಡು ಸಲ ಗಟ್ಟಿಯಾಗಿ ಹೇಳು. ಹೋದದ್ದು ಬಂದು ಕೂರುತ್ತದೆ.

ಸಂಖ್ಯೆ ಬೇಡವೇ ಎಂದರೆ ಬೇಕು. ಸಂಖ್ಯೆ ಇಲ್ಲದಿದ್ದರೆ ಸೋಮಾರಿತನಕ್ಕೆ ಬಾಗಿಲು ತೆರೆದಂತೆ. ನೂರೆಂಟು ಮಣಿಯ ಒಂದು ಸರ ಸಾಕು. ತುಳಸಿಯೋ ರುದ್ರಾಕ್ಷಿಯೋ ನಿನ್ನ ಮನೆಯ ಪದ್ಧತಿ. ಹೆಬ್ಬೆರಳು ಮತ್ತು ನಡುಬೆರಳಿನಿಂದ ಮಣಿ ಎಳೆ, ತೋರುಬೆರಳು ತಾಗಿಸಬೇಡ. ಮೇರುಮಣಿ ಬಂದಾಗ ದಾಟದೆ ಸರವನ್ನು ತಿರುಗಿಸಿಕೋ. ಬಸ್ಸಿನಲ್ಲಿ, ಮೆಟ್ರೋದಲ್ಲಿ ಸರ ಇಲ್ಲದಾಗ ಬೆರಳ ಗೆಣ್ಣಿನ ಮೇಲೆ ಎಣಿಸಿದರಾಯಿತು. ಮೊಬೈಲಿನ ಎಣಿಕೆಯ ಆ್ಯಪ್ ಬೇಡ ಎನ್ನುತ್ತೇನೆ. ಎಣಿಸುವ ನೆಪದಲ್ಲಿ ಅದನ್ನು ಕೈಗೆತ್ತಿಕೊಂಡೆಯೋ, ಇನ್ನೊಂದು ಸಂದೇಶ ಕಣ್ಣಿಗೆ ಬೀಳುತ್ತದೆ. ಮತ್ತೆ, ಇಂತಿಷ್ಟು ಲಕ್ಷ ಆಯಿತು ಎಂದು ಯಾರ ಮುಂದೆಯೂ ಹೇಳಿಕೊಳ್ಳಬೇಡ. ಹೇಳಿಕೊಂಡ ದಿನದಿಂದ ಜಪ ಆ ಕೇಳುಗರಿಗಾಗಿ ನಡೆಯತೊಡಗುತ್ತದೆ.

ಹಾಗೆಯೇ ಹಾಕಿಕೊಂಡು ಕೇಳುವ ವಿಷಯ. ಬೆಳಿಗ್ಗೆ ಅಡಿಗೆಮನೆಯಲ್ಲಿ ಮಂತ್ರ ಕೇಳಿಬರುತ್ತಿದ್ದರೆ ಮನೆಗೆ ಒಂದು ಕಳೆ ಬರುತ್ತದೆ, ನಿಜ. ಉಚ್ಚಾರ ಕಲಿಯುವುದಕ್ಕೂ ಒಳ್ಳೆಯದು. ಅದನ್ನೇ ಜಪ ಎಂದುಕೊಳ್ಳಬೇಡ. ಅಲ್ಲಿ ಇನ್ನೊಬ್ಬರ ಉಸಿರು ನಡೆಯುತ್ತಿದೆ, ನಿನ್ನದಲ್ಲ. ನಿನ್ನ ದನಿ ಎಲ್ಲಿಂದ ಏಳುತ್ತದೆ ಎಂದು ನೋಡಬೇಕಾದರೆ ಮೊದಲು ನಿನ್ನ ದನಿ ಏಳಬೇಕಲ್ಲ.

ನೀನು ವಿಜ್ಞಾನ ಓದಿದವಳು, ಪುರಾವೆ ಕೇಳುತ್ತೀಯ. ಕೇಳುವುದು ಒಳ್ಳೆಯದೇ. ಬೆಂಗಳೂರಿನ ನಿಮ್ಹಾನ್ಸ್‌ನವರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಓಂಕಾರ ಹೇಳುವವರ ಮಿದುಳನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ನೋಡಿದಾಗ ಭಾವೋದ್ವೇಗಗಳಿಗೆ ಸಂಬಂಧಿಸಿದ ಲಿಂಬಿಕ್ ಭಾಗಗಳ ಚಟುವಟಿಕೆ ತಗ್ಗಿತ್ತು. ಅಷ್ಟೇ ಹೊತ್ತು ಸ್ ಎಂದು ಎಳೆದಾಗ ಹಾಗಾಗಲಿಲ್ಲ. ಕಿವಿಯ ಸುತ್ತಲಿನ ಕಂಪನ ವೇಗಸ್ ನರದ ಕವಲನ್ನು ಮುಟ್ಟುವುದರಿಂದ ಹೀಗಿರಬಹುದು ಎಂಬುದು ಅವರ ಊಹೆ. ಹನ್ನೆರಡೇ ಜನರ ಮೇಲೆ ಮಾಡಿದ ಮೊದಲ ಹೆಜ್ಜೆಯ ಅಧ್ಯಯನ ಅದು, ಅಷ್ಟಕ್ಕೇ ಲೋಕಸಿದ್ಧಾಂತ ಕಟ್ಟಬಾರದು. 2001ರಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದು ನನಗೆ ಇನ್ನೂ ಇಷ್ಟ. ಕ್ರೈಸ್ತರ ಜಪಸರದ ಲ್ಯಾಟಿನ್ ಪ್ರಾರ್ಥನೆ ಹೇಳಿದರೂ, ಬೌದ್ಧರ ಮಣಿಪದ್ಮ ಮಂತ್ರ ಹೇಳಿದರೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತಂತೆ. ಎಲ್ಲ ದಿಕ್ಕಿನ ಅಜ್ಜಿಯರೂ ಮಣಿ ಎಣಿಸುತ್ತ ಉಸಿರನ್ನು ಹದಕ್ಕೆ ತಂದುಕೊಂಡಿದ್ದಾರೆ. ಆದರೆ ಇಂಥ ಕಂಪನಾಂಕದ ಓಂ ಇಂಥ ರೋಗ ಕಳೆಯುತ್ತದೆ ಎಂದು ವಿಡಿಯೋ ಮಾಡಿ ಹಾಕುವವರ ಮಾತನ್ನು ನಂಬಬೇಡ. ಅದು ಶಾಸ್ತ್ರವೂ ಅಲ್ಲ, ವಿಜ್ಞಾನವೂ ಅಲ್ಲ.

ಇದರ ಜೊತೆಗೇ ಒಂದು ಎಚ್ಚರಿಕೆ, ಇದನ್ನು ನಿನ್ನ ಗೆಳತಿಯರಿಗೂ ಹೇಳು. ಜಪ ಔಷಧಿಗೆ ಬದಲಿ ಅಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಎನ್ನಿಸತೊಡಗಿದರೆ, ಜಪಕ್ಕೆ ಕೂತಾಗ ಭಯವೋ ಗಾಬರಿಯೋ ಏರುತ್ತಲೇ ಹೋದರೆ, ಮಂತ್ರ ಹೆಚ್ಚಿಸಬೇಡ, ಜಪ ನಿಲ್ಲಿಸಿ ವೈದ್ಯರ ಹತ್ತಿರ ಹೋಗು. ಪತಂಜಲಿಯೇ ಸಾಧನೆಯ ಅಡ್ಡಿಗಳನ್ನು ಹೇಳುವಾಗ ಮೊದಲು ಹೆಸರಿಸುವುದು ವ್ಯಾಧಿಯನ್ನು. ಮೈ ಮನಸ್ಸು ಸರಿಯಿಲ್ಲದಾಗ ಅದನ್ನು ನೋಡಿಕೊಳ್ಳುವುದೂ ಸಾಧನೆಯ ಭಾಗವೇ. ಮಂತ್ರ ಇದೆ ಎಂದು ಮಾತ್ರೆ ಬಿಡಿಸುವವರ ನೆರಳಿಗೂ ಹೋಗಬೇಡ.

ಏನು ಸಿಗುತ್ತದೆ ಎಂದು ಕೇಳಬಹುದು ನೀನು. ಬೆಳಕು ಕಾಣುತ್ತದೆ, ಗಂಟೆ ಕೇಳುತ್ತದೆ ಎಂದು ಹೇಳುವವರಿದ್ದಾರೆ. ಹಠಯೋಗ ಪ್ರದೀಪಿಕೆಯಲ್ಲಿ ಸ್ವಾತ್ಮಾರಾಮ ಒಳಗಿನ ನಾದಗಳನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ ಕೂಡ. ಕೇಳಿದರೆ ಕೇಳಲಿ, ಅದಕ್ಕಾಗಿ ಕಾದು ಕೂರಬೇಡ. ನಾನು ಜಪ ಮಾಡುವ ಜನರ ನಡುವೆ ಬೆಳೆದವಳು. ಅವರಲ್ಲಿ ಕಂಡ ಫಲ ಬಹಳ ಸಣ್ಣದಾಗಿ ಕಾಣುವಂಥದ್ದು. ಅಮ್ಮನಿಗೆ ಸಿಟ್ಟು ಬರುತ್ತಿತ್ತು, ಆದರೆ ಬಂದ ಸಿಟ್ಟು ಬಾಯಿಗೆ ಬರುವ ಮೊದಲು ಒಂದು ಗಳಿಗೆ ನಿಲ್ಲುತ್ತಿತ್ತು. ಎದುರಿಗೆ ಕೂತವರು ಮಾತಾಡಿದರೆ ಪೂರ್ತಿ ಕೇಳುತ್ತಿದ್ದಳು, ನಡುವೆ ಬಾಯಿ ಹಾಕುತ್ತಿರಲಿಲ್ಲ. ತನ್ನ ದನಿಯನ್ನು ಕೇಳಿ ಪಳಗಿದ ಕಿವಿ ಪರರ ದನಿಗೂ ತೆರೆದುಕೊಳ್ಳುತ್ತದೆ ಎಂದು ನಾನು ನಂಬಿದ್ದೇನೆ. ಜಪ ಮಾಡಿಯೂ ಸೊಸೆಯ ಮಾತು ಕಿವಿಗೆ ಹಾಕಿಕೊಳ್ಳದವರನ್ನು ಕಂಡಾಗ ಸಂಕಟವಾಗುತ್ತದೆ.

ಇನ್ನು ತಡಮಾಡಬೇಡ. ಮುಹೂರ್ತ, ಮಣೆ, ಬೆಳ್ಳಿಯ ಪಂಚಪಾತ್ರೆ ಯಾವುದಕ್ಕೂ ಕಾಯಬೇಡ. ನಾಳೆ ಬೆಳಿಗ್ಗೆ ಮುಖ ತೊಳೆದು, ಮೊಬೈಲನ್ನು ಬೇರೆ ಕೋಣೆಯಲ್ಲಿ ಬಿಟ್ಟು, ಹತ್ತು ನಿಮಿಷ ಕೂತುಕೋ. ಒಂದು ಸರ ಮುಗಿಯದಿದ್ದರೂ ಚಿಂತೆಯಿಲ್ಲ, ಹೇಳಿದಷ್ಟನ್ನು ಕೇಳಿಸಿಕೋ. ನಾಡಿದ್ದೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಮಂತ್ರ. ಹೇಗೆ ನಡೆದಿದೆ ಎಂದು ಮುಂದಿನ ದೀಪಾವಳಿಯವರೆಗೆ ಯಾರಿಗೂ ಹೇಳಬೇಡ, ನನಗೂ.